ಸುಂಕದ ಕಟ್ಟೆಯಿಂದ ಶಿಫಾರಸು ಪತ್ರದವರೆಗೆ: ಪೌರಸಂಸ್ಥೆ ಮತ್ತು ಬೀದಿಯ ವರ್ತಕ

ವ್ಯಾಪಾರಕ್ಕೆ ಬಂಡವಾಳ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಬಂಡವಾಳ ಕೈಸೇರುವ ಮುನ್ನ ಇನ್ನೊಂದು ವಸ್ತು ಬೇಕಾಗುತ್ತದೆ. ಅದೇ ನಂಬಿಕೆ. ಹಣವುಳ್ಳವನು ಹಣವಿಲ್ಲದವನನ್ನು ನಂಬಲು ಏನಾದರೊಂದು ಆಧಾರವನ್ನು ಕೇಳುತ್ತಾನೆ. ಜಮೀನುಳ್ಳವನು ಪಹಣಿಯನ್ನು ತೋರಿಸುತ್ತಾನೆ; ಮನೆಯುಳ್ಳವನು ಖಾತೆಯ ಪ್ರತಿಯನ್ನು ತರುತ್ತಾನೆ; ಅಂಗಡಿಯುಳ್ಳವನು ಲೆಕ್ಕದ ಪುಸ್ತಕವನ್ನು ಮುಂದಿಡುತ್ತಾನೆ. ರಸ್ತೆಯ ಅಂಚಿನಲ್ಲಿ ಗೋಣಿತಟ್ಟು ಹಾಸಿ ಸೊಪ್ಪು ಮಾರುವ ಹೆಣ್ಣುಮಗಳು ಏನನ್ನು ತೋರಿಸಬೇಕು? ಇಪ್ಪತ್ತು ವರ್ಷ ಅದೇ ಮೂಲೆಯಲ್ಲಿ ಕುಳಿತು ಪ್ರಾಮಾಣಿಕವಾಗಿ ವ್ಯಾಪಾರ ಮಾಡಿದ್ದರೂ ಅದನ್ನು ಹೇಳುವ ಒಂದು ಚೂರು ಕಾಗದ ಆಕೆಯ ಬಳಿ ಇರುತ್ತಿರಲಿಲ್ಲ.

ಇದರಿಂದ ಆಗುವ ನಷ್ಟವೇನೆಂಬುದನ್ನು ಸರಳ ಅಂಕಗಣಿತದಿಂದ ತಿಳಿಯಬಹುದು. ಬೆಳಿಗ್ಗೆ 900 ರೂಪಾಯಿ ಪಡೆದು ಸಂಜೆ 1,000 ರೂಪಾಯಿ ಹಿಂದಿರುಗಿಸುವ ದಿನಬಡ್ಡಿಯ ವ್ಯವಹಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 900 ರೂಪಾಯಿ ಮೂಲಧನಕ್ಕೆ ಒಂದು ವಾರದಲ್ಲಿ ತೆರುವ ಬಡ್ಡಿಯೇ 700 ರೂಪಾಯಿ. ಇನ್ನೊಂದು ಕಡೆ, ಬ್ಯಾಂಕಿನಿಂದ ಶೇ. 12ರ ಬಡ್ಡಿಗೆ 10,000 ರೂಪಾಯಿ ಸಾಲ ಪಡೆದು ಹನ್ನೆರಡು ಸಮಕಂತುಗಳಲ್ಲಿ ತೀರಿಸಿದರೆ ಇಡೀ ವರ್ಷಕ್ಕೆ ಬೀಳುವ ಬಡ್ಡಿ ಸುಮಾರು 660 ರೂಪಾಯಿ ಮಾತ್ರ. ಅತ್ಯಂತ ಬಡವನು ಅತ್ಯಂತ ದುಬಾರಿ ಬೆಲೆಯನ್ನು ಕೊಟ್ಟು ಹಣವನ್ನು ಕೊಳ್ಳುತ್ತಾನೆ. ಇದಕ್ಕೆ ಅವನ ದುಂದುಗಾರಿಕೆ ಕಾರಣವಲ್ಲ. ಅವನ ಪರವಾಗಿ ಸಾಕ್ಷಿ ನುಡಿಯುವವರು ಇಲ್ಲದಿರುವುದೇ ಕಾರಣ. ಈ ಸಾಕ್ಷಿಯ ಹೊಣೆಯನ್ನು ಊರಿನ ಆಡಳಿತ ಹೇಗೆ, ಎಷ್ಟು ತಡವಾಗಿ ಹೊತ್ತುಕೊಂಡಿತೆಂಬುದು ನಮ್ಮ ಪಟ್ಟಣಗಳ ಇತಿಹಾಸದ ಒಂದು ಮುಖ್ಯ ಅಧ್ಯಾಯ.

ಪಟ್ಟಣಸ್ವಾಮಿಯ ಕಾಲ

ಕನ್ನಡ ನಾಡಿನ ಶಾಸನಗಳಲ್ಲಿ ಪಟ್ಟಣದ ಆಡಳಿತವೂ ವರ್ತಕರ ಸಂಘವೂ ಬಹುಮಟ್ಟಿಗೆ ಒಂದರೊಡನೊಂದು ಬೆರೆತಿರುವುದನ್ನು ಕಾಣುತ್ತೇವೆ. ಅಯ್ಯಾವೊಳೆಯ ಐನೂರ್ವರು, ನಖರ ಮೊದಲಾದ ಸಂಘಗಳು ಮಾರುಕಟ್ಟೆಯ ಕಟ್ಟುಪಾಡುಗಳನ್ನು ನೋಡಿಕೊಳ್ಳುತ್ತಿದ್ದವು. ವರ್ತಕರ ಮುಖಂಡನಿಗೆ ಪಟ್ಟಣಸ್ವಾಮಿ ಎಂಬ ಪದವಿಯಿತ್ತು. ಹುಂಚದಲ್ಲಿ ಸಾಂತರ ಅರಸರ ಕಾಲದಲ್ಲಿ, ಕ್ರಿ.ಶ. 11ನೆಯ ಶತಮಾನದಲ್ಲಿ, ಬಸದಿಯನ್ನು ಕಟ್ಟಿಸಿದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯ ಹೆಸರು ನಮ್ಮ ಸಮಾಜದ ಓದುಗರಿಗೆ ಅಪರಿಚಿತವೇನಲ್ಲ. ವರ್ತಕರು ತಾವು ಮಾರುವ ಸರಕಿನ ಮೇಲೆ ಇಂತಿಷ್ಟೆಂದು ತಾವೇ ವಿಧಿಸಿಕೊಂಡು ಬಸದಿಗೋ ದೇಗುಲಕ್ಕೋ ಕೆರೆಗೋ ಬಿಟ್ಟುಕೊಟ್ಟ ಅನೇಕ ದತ್ತಿಗಳು ಶಾಸನಗಳಲ್ಲಿ ದಾಖಲಾಗಿವೆ.

ಆ ಕಾಲದಲ್ಲಿ ಅರಸನು ವ್ಯಾಪಾರಕ್ಕೆ ನೀಡುತ್ತಿದ್ದ ಮುಖ್ಯ ನೆರವು ಸಾಲವಲ್ಲ, ಸುಂಕದ ವಿನಾಯಿತಿ. ಹೊಸ ಪೇಟೆಯನ್ನು ಕಟ್ಟಿದಾಗ ಅಲ್ಲಿಗೆ ಬಂದು ನೆಲೆಸುವ ಸೆಟ್ಟಿಗಳಿಗೂ ಕಸುಬುದಾರರಿಗೂ ಕೆಲವು ವರ್ಷಗಳ ಕಾಲ ತೆರಿಗೆ ಬಿಡುವುದು ವಾಡಿಕೆಯಾಗಿತ್ತು. ಬಂಡವಾಳವು ವರ್ತಕರಿಂದ ವರ್ತಕರಿಗೆ, ಸಂಘದ ಪರಿಚಯದ ಮೇಲೆ ಹರಿಯುತ್ತಿತ್ತು. ಸಂಘಕ್ಕೆ ಸೇರಿದವನ ಮಾತೇ ಅವನ ಪತ್ರ. ಮಾತಿಗೆ ತಪ್ಪಿದವನಿಗೆ ಸಂಘದಲ್ಲಿ ಸ್ಥಾನವಿಲ್ಲ. ಈ ಏರ್ಪಾಡಿನ ಬಲವೂ ಮಿತಿಯೂ ಒಂದೇ ಕಡೆ ಇದ್ದವು. ಒಳಗಿದ್ದವನನ್ನು ಅದು ಕಾಪಾಡಿತು. ಸಂಘದ ಹೊರಗಿದ್ದು, ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಅಲೆಯುವವರನ್ನು ಅದು ಎಣಿಕೆಗೇ ತೆಗೆದುಕೊಂಡಂತೆ ಕಾಣುವುದಿಲ್ಲ.

ಪುರಸಭೆ: ಮಾರುಕಟ್ಟೆಯ ಒಡೆಯ

ಬೆಂಗಳೂರಿನಲ್ಲಿ 1862ರಲ್ಲಿ ನಗರಕ್ಕೊಂದು, ದಂಡುಪ್ರದೇಶಕ್ಕೊಂದು ಪೌರಮಂಡಲಿಗಳು ಸ್ಥಾಪನೆಯಾದವು. ಅಲ್ಲಿಂದ ಮುಂದೆ ಮಾರುಕಟ್ಟೆಯ ಯಜಮಾನಿಕೆ ಕ್ರಮೇಣ ಪೌರಸಂಸ್ಥೆಗಳ ಕೈಸೇರಿತು. ಚಿಲ್ಲರೆ ವ್ಯಾಪಾರಕ್ಕೆ ಅವು ನೀಡಿದ ನೆರವು ಕಟ್ಟಡದ ರೂಪದಲ್ಲಿತ್ತು. ಮಳೆ ಬಿಸಿಲಿಗೆ ಸೂರು, ಕುಡಿಯುವ ನೀರು, ಚರಂಡಿ, ತೂಕ ಅಳತೆಯ ಮೇಲ್ವಿಚಾರಣೆ ಇವು ಸಣ್ಣ ಉಪಕಾರಗಳಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆ, ಮೈಸೂರಿನ ದೇವರಾಜ ಮಾರುಕಟ್ಟೆಗಳಲ್ಲಿ ಮಳಿಗೆ ಹಿಡಿದ ಎಷ್ಟೋ ಮನೆತನಗಳು ತಲೆಮಾರುಗಳ ಕಾಲ ಬದುಕು ಕಟ್ಟಿಕೊಂಡವು.

ಆದರೆ ಮಳಿಗೆಗಳ ಸಂಖ್ಯೆಗೆ ಮಿತಿಯಿತ್ತು. ಹೊಟ್ಟೆಪಾಡಿಗಾಗಿ ಮಾರಲು ಬರುವವರ ಸಂಖ್ಯೆಗೆ ಮಿತಿಯಿರಲಿಲ್ಲ. ಮಳಿಗೆ ಸಿಗದವರು ಮಾರುಕಟ್ಟೆಯ ಬಾಗಿಲಲ್ಲಿ, ಬಸ್ ನಿಲ್ದಾಣದ ಮುಂದೆ, ಗುಡಿಯ ಬೀದಿಯಲ್ಲಿ ಕುಳಿತರು. ಇವರೊಡನೆ ಪೌರಸಂಸ್ಥೆಗಳ ಸಂಬಂಧ ವಿಚಿತ್ರವಾದುದು. ಊರೂರುಗಳಲ್ಲಿ ಸಂತೆಸುಂಕ, ನೆಲಬಾಡಿಗೆಗಳ ವಸೂಲಿಯನ್ನು ಹರಾಜಿನಲ್ಲಿ ಗುತ್ತಿಗೆದಾರರಿಗೆ ಕೊಡುವ ಪದ್ಧತಿ ಬಂದಿತು. ಗುತ್ತಿಗೆದಾರನ ಆಳು ದಿನವೂ ಬಂದು ಹಣ ಪಡೆದು ಚೀಟಿ ಹರಿದುಕೊಡುತ್ತಿದ್ದ. ಆ ಚೀಟಿ ಹಣ ಸಂದದ್ದಕ್ಕೆ ಗುರುತಾಗಿತ್ತೇ ಹೊರತು ಕುಳಿತುಕೊಳ್ಳುವ ಹಕ್ಕಿಗೆ ಗುರುತಾಗಿರಲಿಲ್ಲ. ಬೆಳಿಗ್ಗೆ ಸುಂಕ ತೆತ್ತವಳನ್ನೇ ಮಧ್ಯಾಹ್ನ ಸಂಚಾರಕ್ಕೆ ಅಡಚಣೆಯೆಂದು ಎಬ್ಬಿಸಬಹುದಾಗಿತ್ತು. ಆಕೆಯ ತಕ್ಕಡಿಯನ್ನೂ ಸರಕನ್ನೂ ಲಾರಿಗೆ ಹಾಕಿಕೊಂಡು ಹೋಗಬಹುದಾಗಿತ್ತು. ಸುಂಕಕ್ಕೆ ಮಾತ್ರ ವರ್ತಕಳು, ಉಳಿದುದಕ್ಕೆಲ್ಲ ಅತಿಕ್ರಮಣಕಾರಳು. ದೀರ್ಘಕಾಲ ಆಕೆಯ ಸ್ಥಿತಿ ಇದೇ ಆಗಿತ್ತು.

ಸಾಲದ ಸಂಸ್ಥೆಗಳು ಹುಟ್ಟಿದ ಬಗೆ

ಇತ್ತ ಊರಿನ ಆಡಳಿತ ಸುಂಕದಲ್ಲಿ ನಿರತವಾಗಿದ್ದಾಗ, ಸಣ್ಣವರಿಗೆ ಸಾಲ ಒದಗಿಸುವ ಯತ್ನಗಳು ಬೇರೆ ದಿಕ್ಕಿನಿಂದ ಆರಂಭವಾದವು. ಮೈಸೂರು ಸಂಸ್ಥಾನವು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಕೃಷಿ ಬ್ಯಾಂಕುಗಳನ್ನು ತೆರೆಯಿತು. ಅವು ಭೂಮಿಯುಳ್ಳವರಿಗಾಗಿ ಇದ್ದವು, ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ. 1905ರಲ್ಲಿ ಸಂಸ್ಥಾನದ ಸಹಕಾರ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಅದೇ ವರ್ಷ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ಒಬ್ಬರನ್ನೊಬ್ಬರು ಬಲ್ಲವರು ಕೂಡಿ ಒಬ್ಬರಿಗೊಬ್ಬರು ಹೊಣೆಯಾಗುವುದೇ ಸಹಕಾರದ ತಿರುಳು. ಹಳೆಯ ವರ್ತಕ ಸಂಘಗಳ ಪರಸ್ಪರ ಪರಿಚಯದ ತತ್ತ್ವವೇ ಇಲ್ಲಿ ಕಾಯಿದೆಯ ಉಡುಗೆ ತೊಟ್ಟು ಮರಳಿತೆನ್ನಬಹುದು.

ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ನೇಕಾರರ ಸಂಕಷ್ಟವನ್ನು ಕಂಡು ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಅವರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದರು. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಜಮಾ ಮಾಡಿಕೊಳ್ಳುತ್ತಿದ್ದ. ಇದರ ಮಹತ್ವ ಕೂಡಿದ ಹಣಕ್ಕೆ ಮಾತ್ರ ಸೀಮಿತವಲ್ಲ. ಆಸ್ತಿಯಿಲ್ಲದ ಮನುಷ್ಯನ ದಿನದಿನದ ನಿಷ್ಠೆ ಮೊದಲ ಬಾರಿಗೆ ಒಂದು ಪುಸ್ತಕದಲ್ಲಿ ಬರಹವಾಗಿ ಉಳಿಯಿತು. ಅವನು ನಂಬಿಕಸ್ಥನೆಂಬುದಕ್ಕೆ ಆ ಪುಸ್ತಕವೇ ಸಾಕ್ಷಿಯಾಯಿತು.

ಸ್ವಾತಂತ್ರ್ಯಾನಂತರ ಸರ್ಕಾರಗಳು ದೊಡ್ಡ ಹೆಜ್ಜೆಗಳನ್ನಿಟ್ಟವು. 1959ರಲ್ಲಿ ರಾಜ್ಯ ಹಣಕಾಸು ಸಂಸ್ಥೆ ಸ್ಥಾಪನೆಯಾಯಿತು. ಆದರೆ ಅದು ಯಂತ್ರ, ಶೆಡ್ಡುಗಳುಳ್ಳ ಕೈಗಾರಿಕೆಗಳ ಆಸರೆ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1972ರಲ್ಲಿ ಅತಿ ಬಡವರಿಗೆ ಶೇ. 4ರ ಬಡ್ಡಿಗೆ ಸಾಲ ನೀಡುವ ಯೋಜನೆ ಬಂದಿತು. ಬ್ಯಾಂಕಿನ ಬಾಗಿಲು ತೆರೆದಿತ್ತು. ಆದರೆ ಒಳಗೆ ಹೋದವನನ್ನು ಕೇಳುವ ಮೊದಲ ಪ್ರಶ್ನೆ ಬದಲಾಗಿರಲಿಲ್ಲ: ನೀನು ಯಾರು, ಎಲ್ಲಿ ವ್ಯಾಪಾರ ಮಾಡುತ್ತೀಯೆ, ಅದಕ್ಕೆ ದಾಖಲೆಯೇನು?

ಈ ಪ್ರಶ್ನೆಗೆ ನಾಡಿನಾಚೆ, ಅಹಮದಾಬಾದಿನಲ್ಲಿ, ದುಡಿಯುವ ಹೆಂಗಸರೇ ಒಂದು ಉತ್ತರ ಕಂಡುಕೊಂಡರು. ಇಳಾ ಭಟ್ಟರ ನೇತೃತ್ವದ ಸೇವಾ ಸಂಘಟನೆಯ ನಾಲ್ಕು ಸಾವಿರ ಸದಸ್ಯೆಯರು ತಲಾ 10 ರೂಪಾಯಿ ಪಾಲುಹಣ ಹಾಕಿ 1974ರಲ್ಲಿ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಅವರಲ್ಲಿ ತರಕಾರಿ ಮಾರುವವರು, ಹಳೆಬಟ್ಟೆಯ ವ್ಯಾಪಾರಿಗಳು, ತಲೆಹೊರೆಯವರು ಅನೇಕರಿದ್ದರು. ಸಹಿ ಹಾಕಲು ಬಾರದವರ ಗುರುತಿಗಾಗಿ ಪಾಸ್‌ಪುಸ್ತಕದಲ್ಲಿ ಭಾವಚಿತ್ರವನ್ನು ಅಂಟಿಸುವ ಕ್ರಮವನ್ನು ತಂದರು. ಕಾಗದವಿಲ್ಲದವಳಿಗೆ ಆಕೆಯ ಮುಖವೇ ಕಾಗದವಾಯಿತು.

ದಾನವೋ ಸಾಲವೋ?

1980ರ ದಶಕದ ಸಾಲಮೇಳಗಳನ್ನು ಹಿರಿಯ ಓದುಗರು ಮರೆತಿರಲಾರರು. ಚಪ್ಪರದ ಕೆಳಗೆ ನೂರಾರು ಜನರಿಗೆ ಒಂದೇ ದಿನ ಸಾಲ ಹಂಚಲಾಯಿತು. ಎಂದೂ ಬ್ಯಾಂಕಿನ ಮೆಟ್ಟಿಲು ಹತ್ತದವರಿಗೆ ಹಣ ದೊರೆತುದು ನಿಜ. ಅವರಲ್ಲಿ ಕೆಲವರು ಅದರಿಂದಲೇ ತಲೆಯೆತ್ತಿ ನಿಂತುದೂ ನಿಜ. ಆದರೆ ಪಡೆಯುವವರಾರು, ಅವರ ಕಸುಬೇನು ಎಂಬ ವಿಚಾರಣೆಗೆ ಆ ಗದ್ದಲದಲ್ಲಿ ಎಡೆಯೆಲ್ಲಿ? 1990ರಲ್ಲಿ ಕೇಂದ್ರ ಸರ್ಕಾರವು ರೈತರು, ಕುಶಲಕರ್ಮಿಗಳು ಮೊದಲಾದವರ 10,000 ರೂಪಾಯಿಗಳವರೆಗಿನ ಸುಸ್ತಿ ಸಾಲಗಳಿಗೆ ಪರಿಹಾರ ಘೋಷಿಸಿತು. ಕಷ್ಟದಲ್ಲಿದ್ದವರಿಗೆ ಅದು ಉಸಿರಾಟವಾಯಿತು. ಆದರೆ ಹೊಟ್ಟೆ ಬಟ್ಟೆ ಕಟ್ಟಿ ಕಂತು ತೀರಿಸಿದ ಪಕ್ಕದ ಮನೆಯವನಿಗೆ ಅದರಿಂದ ದೊರೆತುದು ಏನೂ ಇಲ್ಲ.

ದಾನ ಬೇರೆ, ಸಾಲ ಬೇರೆ. ದಾನವನ್ನು ಕೊಟ್ಟವನು ಮರೆಯಬೇಕು. ಸಾಲವನ್ನು ಪಡೆದವನು ಮರೆಯಬಾರದು. ಸಾಲವೆಂದು ಕರೆದು ದಾನದಂತೆ ಹಂಚಿದರೆ ಎರಡರ ಗೌರವವೂ ಕೆಡುತ್ತದೆ. ಸಣ್ಣ ವ್ಯಾಪಾರಿಗೆ ಬೇಕಾದುದು ಋಣಮುಕ್ತಿಯ ಘೋಷಣೆಗಿಂತ ಹೆಚ್ಚಾಗಿ ತೀರಿಸಲು ಸಾಧ್ಯವಾಗುವಂತಹ ಋಣ. ತೀರಿಸಿದ ಪ್ರತಿಯೊಂದು ಕಂತೂ ಅವನ ಹೆಸರಿಗೆ ಸೇರುವ ಪುಣ್ಯದ ಲೆಕ್ಕದಂತೆ ಉಳಿಯಬೇಕು.

ಶಾಸನದ ಆಸರೆ

ತಿರುವು ಎರಡು ದಾರಿಗಳಿಂದ ಬಂದಿತು. ಮೊದಲನೆಯದು ಪೌರಸಂಸ್ಥೆಗಳಿಗೆ ಸಂಬಂಧಿಸಿದ್ದು. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದು, ಪೌರಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳ ಪಟ್ಟಿಯಲ್ಲಿ ನಗರ ಬಡತನ ನಿವಾರಣೆಯನ್ನೂ ಸೇರಿಸಿತು. ದೀಪ, ನೀರು, ಚರಂಡಿಗಳನ್ನು ನೋಡಿಕೊಳ್ಳುತ್ತಿದ್ದ ಪುರಸಭೆಯ ಪಾಲಿಗೆ ಇದು ಹೊಸ ಧರ್ಮ. 1997ರ ಡಿಸೆಂಬರಿನಲ್ಲಿ ಆರಂಭವಾದ ಸ್ವರ್ಣಜಯಂತಿ ಶಹರಿ ರೋಜಗಾರ್ ಯೋಜನೆಯಲ್ಲಿ ಫಲಾನುಭವಿಗಳನ್ನು ಗುರುತಿಸುವ ಹೊಣೆ ಪೌರಸಂಸ್ಥೆಗಳ ಮೇಲೆ ಬಿದ್ದಿತು. ಆರಂಭದಲ್ಲಿ 50,000 ರೂಪಾಯಿಗಳವರೆಗಿನ ಸ್ವಂತ ಉದ್ಯೋಗಕ್ಕೆ ಶೇ. 15ರಷ್ಟು, 7,500 ರೂಪಾಯಿ ಮೀರದಂತೆ, ಸಹಾಯಧನವಿತ್ತು. ಉಳಿದುದು ಮುಖ್ಯವಾಗಿ ಬ್ಯಾಂಕಿನ ಸಾಲ. ಆದರೆ ಅದರ ಆಧಾರ ಬಡತನ ರೇಖೆಯ ಪಟ್ಟಿ. ವ್ಯಕ್ತಿ ಎಷ್ಟು ಬಡವನೆಂಬುದನ್ನು ಆ ಪಟ್ಟಿ ಹೇಳುತ್ತಿತ್ತೇ ಹೊರತು ಅವನು ಎಂತಹ ವ್ಯಾಪಾರಿಯೆಂಬುದನ್ನು ಹೇಳುತ್ತಿರಲಿಲ್ಲ.

ಎರಡನೆಯ ದಾರಿ ನ್ಯಾಯಾಲಯದ್ದು. 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸೂಕ್ತ ನಿರ್ಬಂಧಗಳಿಗೆ ಒಳಪಟ್ಟು, ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನವು ನೀಡಿದ ಉದ್ಯೋಗ ಸ್ವಾತಂತ್ರ್ಯದೊಳಗೆ ಬರುತ್ತದೆಂದು ಎತ್ತಿಹಿಡಿಯಿತು. 2004 ಮತ್ತು 2009ರಲ್ಲಿ ರಾಷ್ಟ್ರೀಯ ನೀತಿಗಳು ರಚನೆಯಾದವು. 2010ರಲ್ಲಿ ಗೇಂದಾ ರಾಮ್ ಪ್ರಕರಣದಲ್ಲಿ ನ್ಯಾಯಾಲಯವು ಶಾಸನವನ್ನೇ ಮಾಡಬೇಕೆಂದು ಸೂಚಿಸಿತು. ಕೊನೆಗೆ 2014ರಲ್ಲಿ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಅಧಿನಿಯಮ ಜಾರಿಗೆ ಬಂದಿತು.

ಈ ಅಧಿನಿಯಮದ ಕೆಲವು ಅಂಶಗಳು ಪ್ರತಿಯೊಬ್ಬ ನಾಗರಿಕನೂ ತಿಳಿದಿರಬೇಕಾದವು. ಐದು ವರ್ಷಕ್ಕೊಮ್ಮೆಯಾದರೂ ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ವಾರ್ಡಿನ, ವಲಯದ ಅಥವಾ ಪಟ್ಟಣದ ಜನಸಂಖ್ಯೆಯ ಶೇ. 2.5ರಷ್ಟು ವ್ಯಾಪಾರಿಗಳವರೆಗೆ ನಿಯಮಾನುಸಾರ ಸ್ಥಳಾವಕಾಶ ಕಲ್ಪಿಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾರನ್ನೂ ತೆರವುಗೊಳಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ತಮ್ಮೊಳಗಿನಿಂದ ಚುನಾಯಿಸಿದವರಾಗಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ಕೆಡುವ ಸರಕನ್ನು ವಶಪಡಿಸಿಕೊಂಡರೆ, ಕೋರಿಕೆ ಬಂದ ದಿನವೇ ಹಿಂದಿರುಗಿಸಬೇಕು. ವ್ಯಾಪಾರಿಗಳಿಗೆ ಸಾಲ, ವಿಮೆಗಳ ನೆರವನ್ನು ಸರ್ಕಾರ ಒದಗಿಸಬಹುದೆಂಬ ಮಾತೂ ಅದರಲ್ಲಿದೆ. ಸುಂಕದ ಚೀಟಿಯ ಜಾಗಕ್ಕೆ ಪ್ರಮಾಣಪತ್ರ ಬಂದುದೇ ಈ ಶಾಸನದ ಸಾರ.

ಪತ್ರವು ಬಂಡವಾಳವಾದಾಗ

ಬಡ್ಡಿಯ ಸಮಸ್ಯೆಗೆ ಕರ್ನಾಟಕ ಸರ್ಕಾರವು 2018ರ ನವೆಂಬರಿನಲ್ಲಿ ಬಡವರ ಬಂಧು ಯೋಜನೆಯ ಮೂಲಕ ಉತ್ತರ ಕೊಡಲು ಯತ್ನಿಸಿತು. ಸಹಕಾರಿ ಬ್ಯಾಂಕುಗಳ ಮೂಲಕ ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿಗಳವರೆಗೆ ಬಡ್ಡಿಯಿಲ್ಲದ ಅಲ್ಪಾವಧಿ ಸಾಲ ನೀಡುವುದು ಅದರ ಉದ್ದೇಶ. ದಿನಬಡ್ಡಿಯವರ ಹಿಡಿತದಿಂದ ಬಿಡಿಸುವುದೇ ಗುರಿಯೆಂದು ಸ್ಪಷ್ಟವಾಗಿ ಹೇಳಿದುದು ಅದರ ವಿಶೇಷ.

2020ರ ಮಾರ್ಚಿನಲ್ಲಿ ಕೊರೋನಾ ಪಿಡುಗಿನಿಂದ ದೇಶವೇ ಸ್ತಬ್ಧವಾದಾಗ ಬೀದಿಯ ವ್ಯಾಪಾರಿಯ ಬಂಡವಾಳ ಕೆಲವೇ ದಿನಗಳಲ್ಲಿ ಹೊಟ್ಟೆಗೆ ಹೋಯಿತು. ಅಂಗಡಿಕಾರನ ಸರಕು ಬೀಗದೊಳಗೆ ಉಳಿಯುತ್ತದೆ. ಹೂವು, ಸೊಪ್ಪು, ಹಣ್ಣುಗಳಿಗೆ ಬೀಗವಿಲ್ಲ. ಆ ವರ್ಷ ಜೂನ್ 1ರಂದು ಕೇಂದ್ರ ಸರ್ಕಾರ ಪಿ.ಎಂ. ಸ್ವನಿಧಿ ಯೋಜನೆಯನ್ನು ಆರಂಭಿಸಿತು. ಅಡಮಾನವಿಲ್ಲದೆ ಮೊದಲು 10,000 ರೂಪಾಯಿಗಳವರೆಗೆ ಸಾಲ. ಅದನ್ನು ತೀರಿಸಿದವರಿಗೆ 20,000. ಅದನ್ನೂ ತೀರಿಸಿದವರಿಗೆ 50,000. ಸಕಾಲದಲ್ಲಿ ಕಂತು ಕಟ್ಟಿದವರಿಗೆ ಶೇ. 7ರ ಬಡ್ಡಿ ಸಹಾಯಧನ. ಮೇಲೆ ಹೇಳಿದ 660 ರೂಪಾಯಿಯ ಬಡ್ಡಿ ಈ ಲೆಕ್ಕದಲ್ಲಿ 280 ರೂಪಾಯಿಗಳ ಆಸುಪಾಸಿಗೆ ಇಳಿಯುತ್ತದೆ. 2025ರ ಜುಲೈ ಅಂತ್ಯದ ವೇಳೆಗೆ ದೇಶದಾದ್ಯಂತ 68 ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳು ಇದರ ಸಾಲ ಪಡೆದಿದ್ದರೆಂದು ಸರ್ಕಾರ ತಿಳಿಸಿದೆ. 2025ರ ಆಗಸ್ಟಿನಲ್ಲಿ ಯೋಜನೆಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿ, ಮೊದಲ ಸಾಲವನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಲಾಯಿತು.

ಈ ಯೋಜನೆಯ ಮರ್ಮ ಹಣದಲ್ಲಿಲ್ಲ, ಅದರ ಕಾಗದದಲ್ಲಿದೆ. ವ್ಯಾಪಾರದ ಪ್ರಮಾಣಪತ್ರವೋ ಗುರುತಿನ ಚೀಟಿಯೋ ಇದ್ದವರು ಅದನ್ನೇ ಮುಂದಿಡಬಹುದು. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆ ಪುರಸಭೆಯಾಗಲಿ ಪಟ್ಟಣ ವ್ಯಾಪಾರ ಸಮಿತಿಯಾಗಲಿ ವಿಚಾರಿಸಿ ಶಿಫಾರಸು ಪತ್ರವನ್ನು ಕೊಡಬಹುದು. ಸಾಲ ಕೊಡುವುದು ಬ್ಯಾಂಕು; ಬಡ್ಡಿಯ ಹೊರೆಯನ್ನು ತಗ್ಗಿಸುವುದು ಕೇಂದ್ರ ಸರ್ಕಾರ. ಪುರಸಭೆಯ ಬೊಕ್ಕಸದಿಂದ ಆ ಸಾಲಕ್ಕೆ ಒಂದು ರೂಪಾಯಿಯೂ ಹೊರಡುವುದಿಲ್ಲ. ಅದು ಕೊಡುವುದು ಒಂದು ವಾಕ್ಯವನ್ನು: ಈ ವ್ಯಕ್ತಿಯನ್ನು ನಾವು ಬಲ್ಲೆವು, ಈತ ಈ ಬೀದಿಯಲ್ಲಿ ವ್ಯಾಪಾರ ಮಾಡುವವನು. ಶತಮಾನಗಳ ಹಿಂದೆ ಸಂಘವು ತನ್ನ ಸದಸ್ಯನಿಗೆ ಕೊಡುತ್ತಿದ್ದ ಮಾತನ್ನು ಇಂದು ಊರು ತನ್ನ ಅತಿ ಸಣ್ಣ ವರ್ತಕನಿಗೆ ಕೊಡುತ್ತಿದೆ.

ಸತ್ಯದ ಹೊಣೆ

ಮಾತಿನ ಮೇಲೆ ನಿಂತ ಕಟ್ಟಡ ಮಾತು ಸುಳ್ಳಾದರೆ ಕುಸಿಯುತ್ತದೆ. ವ್ಯಾಪಾರಿಯೇ ಅಲ್ಲದವನಿಗೆ ಪತ್ರ ಕೊಟ್ಟರೆ ಸಾಲ ಮುಳುಗುತ್ತದೆ, ಮುಂದಿನ ನೂರು ಪ್ರಾಮಾಣಿಕರನ್ನು ಬ್ಯಾಂಕು ಅನುಮಾನದಿಂದ ನೋಡುತ್ತದೆ. ನಿಜವಾದ ವ್ಯಾಪಾರಿಗೆ ಪತ್ರ ಕೊಡಲು ಅಲೆದಾಡಿಸಿದರೆ, ಕಾಣಿಕೆ ಕೇಳಿದರೆ, ಅವನು ದಿನಬಡ್ಡಿಯವನ ಬಾಗಿಲಿಗೇ ಮರಳುತ್ತಾನೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಪತ್ರ ಬರೆಯುವುದನ್ನು, ಪೂರ್ವಾಚಾರ್ಯರು ಬೇರೆಯಾಗಿಯೇ ಹೆಸರಿಸಿದ್ದಾರೆ. ವ್ಯಾಪಾರದ ಜೀವವು ಬರಹದಲ್ಲಿದೆಯೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ನ್ಯಾಸಾಪಹಾರವೂ, ಎಂದರೆ ನಂಬಿ ಇಟ್ಟುದನ್ನು ಅಪಹರಿಸುವುದೂ, ಅದೇ ಪಟ್ಟಿಯಲ್ಲಿದೆ. ಮೊದಲನೆಯದು ಪತ್ರ ಬರೆಯುವ ಕೈಗೆ ಎಚ್ಚರಿಕೆಯಾದರೆ, ಎರಡನೆಯದರ ಆಶಯ ಸಾಲ ಪಡೆದ ಕೈಗೂ ಸಲ್ಲುತ್ತದೆ.

ಇನ್ನೊಂದು ಕರ್ತವ್ಯ ಸ್ಥಿರವಾದ ಅಂಗಡಿಯುಳ್ಳ ವರ್ತಕರದು. ತಮ್ಮ ಮಳಿಗೆಯ ಮುಂದೆ ಕುಳಿತವನನ್ನು ಎಬ್ಬಿಸಿರೆಂದು ಪೌರಸಂಸ್ಥೆಗಳಿಗೆ ಅರ್ಜಿ ಕೊಡುವವರಲ್ಲಿ ಅವರೂ ಇದ್ದಾರೆ. ದಾರಿಗೆ ಅಡ್ಡಿಯಾಗಬಾರದೆಂಬುದು ನ್ಯಾಯವೇ. ಅದಕ್ಕೆ ಸ್ಥಳ ನಿಗದಿ, ಸಮಯ ನಿಗದಿಗಳೆಂಬ ಮಾರ್ಗಗಳನ್ನು ಶಾಸನವೇ ತೋರಿಸಿದೆ. ಆದರೆ ಇಂದು ದೊಡ್ಡ ಮಳಿಗೆಯಾಗಿರುವ ಎಷ್ಟೋ ಅಂಗಡಿಗಳ ಮೊದಲ ಯಜಮಾನ ಹೆಗಲ ಮೇಲೆ ಗಂಟು ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆದವನೇ. ಅಂದು ಯಾರೋ ಒಬ್ಬ ಸಗಟು ವ್ಯಾಪಾರಿ ಆತನನ್ನು ನಂಬಿ ಒಂದು ವಾರದ ಉದ್ದರಿ ಕೊಟ್ಟಿದ್ದ. ಆ ನಂಬಿಕೆಯ ಋಣ ಹಣದಿಂದ ತೀರುವುದಲ್ಲ. ಇನ್ನೊಬ್ಬನನ್ನು ನಂಬುವುದರಿಂದ ಮಾತ್ರ ತೀರುತ್ತದೆ.

ಪಟ್ಟಣಸ್ವಾಮಿಯ ಕಾಲದಿಂದ ಪಟ್ಟಣ ವ್ಯಾಪಾರ ಸಮಿತಿಯ ಕಾಲದವರೆಗೆ ಊರು ಬಹುದೂರ ನಡೆದುಬಂದಿದೆ. ಬೀದಿಯ ವರ್ತಕನಿಂದ ಸುಂಕ ಪಡೆಯುವುದನ್ನು ಅದು ಮೊದಲೇ ಕಲಿತಿತ್ತು. ಅವನ ಹೆಸರನ್ನು ಬರೆದುಕೊಳ್ಳುವುದನ್ನು ಈಗ ಕಲಿಯುತ್ತಿದೆ. ಆ ಹೆಸರನ್ನು ಸತ್ಯವಾಗಿ, ಸಕಾಲದಲ್ಲಿ, ಕೈಚಾಚದೆ ಬರೆದುಕೊಟ್ಟರೆ ಸಾಕು. ಉಳಿದುದನ್ನು ಸೊಪ್ಪಿನ ಬುಟ್ಟಿಯ ಮುಂದೆ ಬೆಳಗಿನ ಐದು ಗಂಟೆಗೇ ಬಂದು ಕೂರುವ ಆ ಹೆಣ್ಣುಮಗಳು ತಾನೇ ನೋಡಿಕೊಳ್ಳುತ್ತಾಳೆ.